ಹಳೆಯ ಅಗ್ಗಿಷ್ಟಿಕೆಗೆ ಮರಳಿ ಕೆಲಸ



ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಕಡಿಮೆಯೇನಿಲ್ಲ. ಅವರು ಕಳುಹಿಸುವ ಚಿತ್ರಗಳಲ್ಲಿ ಒಂದು ವಸ್ತುವನ್ನು ನೀವು ಕಂಡಿರಬಹುದು. ಮನೆಯ ಹಿತ್ತಲಲ್ಲಿ ಮೂರು ಕಾಲುಗಳ ಮೇಲೆ ನಿಂತಿರುವ ಕಪ್ಪನೆಯ ದುಂಡು ಪಾತ್ರೆ. ಅದಕ್ಕೊಂದು ಗುಮ್ಮಟದಂಥ ಮುಚ್ಚಳ. ಅದರ ಹೆಸರು ಕೆಟಲ್ ಗ್ರಿಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮುಚ್ಚಳವಿರುವ ದೊಡ್ಡ ಅಗ್ಗಿಷ್ಟಿಕೆ. ಇದ್ದಿಲಿನ ಕೆಂಡದ ಮೇಲೆ ಮಾಂಸ, ಮೀನು, ಜೋಳದ ತೆನೆ ಸುಡಲು ಅಲ್ಲಿನವರು ಅದನ್ನು ಬಳಸುತ್ತಾರೆ. ಮನೆ ಬದಲಿಸುವಾಗ ಅನೇಕರು ಅದನ್ನು ಅಲ್ಪ ಬೆಲೆಗೆ ಮಾರುತ್ತಾರೆ. ಕೆಲವರು, ಬೇಕಾದವರು ಒಯ್ಯಲಿ ಎಂದು ರಸ್ತೆಯ ಅಂಚಿನಲ್ಲೇ ಇಟ್ಟುಬಿಡುತ್ತಾರೆ. ಹೊಸದಾಗಿ ಸಂಸಾರ ಹೂಡಿದವರ ಕೈಗೆ ಇಂಥ ಹಳೆಯ ಗ್ರಿಲ್ ಸುಲಭವಾಗಿ ಸಿಗುತ್ತದೆ.

ಹಾಗೆ ಸಿಕ್ಕಿದ್ದನ್ನು ದುರಸ್ತಿ ಮಾಡುವುದು ಹೇಗೆ ಎಂಬುದೇ ಇಂದಿನ ಪಾಠ. ದುರಸ್ತಿ ಎಂದರೆ ಹೊಸದರಂತೆ ಹೊಳೆಯುವ ಹಾಗೆ ಮಾಡುವುದಲ್ಲ; ವಸ್ತುವನ್ನು ಅದರ ಕೆಲಸಕ್ಕೆ ಮರಳಿಸುವುದು. ಈ ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಅರಿಸ್ಟಾಟಲ್ ಕಲಿಸಿದ, ಸಂತ ತೋಮಸ್ ಅಕ್ವಿನಾಸರು ಮುಂದುವರಿಸಿದ ತತ್ವಶಾಸ್ತ್ರದಲ್ಲಿ ಒಂದು ಮುಖ್ಯ ಪ್ರಶ್ನೆಯಿದೆ: ಇದು ಇರುವುದು ಯಾತಕ್ಕಾಗಿ? ಗ್ರಿಲ್ಲಿನ ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ಈ ಪ್ರಶ್ನೆ ಕೇಳಿದರೆ, ಯಾವುದನ್ನು ತೊಳೆಯಬೇಕು, ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

1. ಇದು ಎಲ್ಲಿಂದ ಬಂತು?

1952ರಲ್ಲಿ ಜಾರ್ಜ್ ಸ್ಟೀಫನ್ ಎಂಬವರು ಷಿಕಾಗೋ ನಗರದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ನೀರಿನ ಮೇಲೆ ತೇಲುತ್ತಾ ಹಡಗುಗಳಿಗೆ ದಾರಿ ತೋರಿಸುವ ಲೋಹದ ಗೋಲಗಳನ್ನು ಆ ಕಾರ್ಖಾನೆ ತಯಾರಿಸುತ್ತಿತ್ತು. ಆಗಿನ ಹಿತ್ತಲ ಒಲೆಗಳಿಗೆ ಮುಚ್ಚಳವಿರಲಿಲ್ಲ. ಗಾಳಿ ಬೀಸಿದರೆ ಬೂದಿ ಊಟದ ಮೇಲೆ, ಮಳೆ ಬಂದರೆ ಬೆಂಕಿಯೇ ಇಲ್ಲ. ಸ್ಟೀಫನ್ ಅವರು ಅಂಥ ಒಂದು ಗೋಲವನ್ನು ಎರಡು ಹೋಳು ಮಾಡಿದರು. ಕೆಳಗಿನ ಹೋಳಿಗೆ ಮೂರು ಕಾಲುಗಳನ್ನು, ಮೇಲಿನ ಹೋಳಿಗೆ ಒಂದು ಹಿಡಿಯನ್ನು ಜೋಡಿಸಿದರು. ಮುಚ್ಚಳ ಹಾಕಿದಾಗ ಬೆಂಕಿ ನಂದಿಹೋಗುತ್ತಿದ್ದುದನ್ನು ಕಂಡು, ಅದಕ್ಕೆ ತೂತು ಕೊರೆಯಲು ನೆರೆಯವರೊಬ್ಬರು ಹೇಳಿದರು ಎಂಬ ಕಥೆಯೂ ಇದೆ. ಇಂದು ಕೆಟಲ್ ಗ್ರಿಲ್ ಎನ್ನುವಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಈ ವೆಬರ್ ಮಾದರಿಯೇ.

ಅದರಲ್ಲಿ ಉರಿಯುವ ಇದ್ದಿಲು ಬಿಲ್ಲೆಗಳ ಚರಿತ್ರೆಯೂ ಇಂಥದೇ. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಅವರ ಮಿಷಿಗನ್ ರಾಜ್ಯದ ಮರದ ಕಾರ್ಖಾನೆಯಲ್ಲಿ ಕಾರುಗಳಿಗೆ ಬೇಕಾದ ಮರ ಕೊಯ್ದು ಉಳಿದ ತುಂಡು ಮತ್ತು ಹೊಟ್ಟನ್ನು ಸುಟ್ಟು, ಒತ್ತಿ, ಬಿಲ್ಲೆಗಳನ್ನಾಗಿ ಮಾಡಿ ಮಾರಲಾಗುತ್ತಿತ್ತು. ನೀರಿಗಾಗಿ ಮಾಡಿದ ಗೋಲ ಬೆಂಕಿಯ ಪಾತ್ರೆಯಾಯಿತು. ಕಸವಾಗಬೇಕಿದ್ದ ಮರದ ಹೊಟ್ಟು ಉರುವಲಾಯಿತು. ಹಾಗಿರುವಾಗ ಹಳೆಯ ಗ್ರಿಲ್ಲನ್ನು ಕಸಕ್ಕೆ ಎಸೆಯುವ ಮೊದಲು ಎರಡು ಸಲ ಯೋಚಿಸುವುದು ನ್ಯಾಯವೇ.

2. ಬೆಂಕಿಯ ಉಸಿರಾಟ

ಗ್ರಿಲ್ಲಿನ ಕೆಲಸವನ್ನು ತಿಳಿಯದೆ ಅದರ ದುರಸ್ತಿಗೆ ಕೈಹಾಕಬಾರದು. ಬಟ್ಟಲಿನ ತಳದಲ್ಲಿ ಗಾಳಿಕಿಂಡಿಗಳಿವೆ. ಮುಚ್ಚಳದ ಮೇಲೂ ಒಂದು ಗಾಳಿಕಿಂಡಿಯಿದೆ. ಕೆಳಗಿನಿಂದ ಬಂದ ಗಾಳಿ ಕೆಂಡಕ್ಕೆ ಉಸಿರು ಕೊಡುತ್ತದೆ. ಬಿಸಿಯಾಗಿ ಮೇಲೇರಿ, ಮುಚ್ಚಳದ ಒಳಗೆ ಸುತ್ತಿ, ಆಹಾರವನ್ನು ಎಲ್ಲ ಕಡೆಯಿಂದಲೂ ಬೇಯಿಸಿ, ಮೇಲಿನ ಕಿಂಡಿಯಿಂದ ಹೊರಹೋಗುತ್ತದೆ. ಕೆಳಗಿನ ಕಿಂಡಿಯನ್ನು ಕಿರಿದು ಮಾಡಿದರೆ ಬೆಂಕಿ ತಗ್ಗುತ್ತದೆ, ಅಗಲಿಸಿದರೆ ಹೆಚ್ಚುತ್ತದೆ. ಎರಡನ್ನೂ ಮುಚ್ಚಿದರೆ ಉಸಿರುಕಟ್ಟಿ ನಿಧಾನವಾಗಿ ಆರುತ್ತದೆ. ಆಗ ಉಳಿದ ಇದ್ದಿಲನ್ನು ಮರುದಿನ ಬಳಸಬಹುದು.

ಆದ್ದರಿಂದ ಈ ವಸ್ತುವಿನ ಜೀವ ಇರುವುದು ಮೂರು ಕಡೆ: ತೂತಿಲ್ಲದ ಬಟ್ಟಲು, ಸರಿಯಾಗಿ ಕೂರುವ ಮುಚ್ಚಳ, ಸಲೀಸಾಗಿ ತೆರೆದು ಮುಚ್ಚುವ ಕಿಂಡಿಗಳು. ಈ ಮೂರೂ ಗಟ್ಟಿಯಾಗಿದ್ದರೆ ಉಳಿದುದೆಲ್ಲವನ್ನೂ ಸರಿಪಡಿಸಬಹುದು. ಇವು ಕೆಟ್ಟಿದ್ದರೆ, ಹೊರಗೆ ಎಷ್ಟು ಹೊಳೆದರೂ ಪ್ರಯೋಜನವಿಲ್ಲ.

3. ಮನೆಗೆ ತರುವ ಮೊದಲು

ಹಳೆಯದನ್ನು ಕೊಳ್ಳುವಾಗ ಮೊದಲು ಮುಚ್ಚಳ ತೆಗೆದು ಬಟ್ಟಲಿನ ಒಳಗೆ ನೋಡಬೇಕು. ಬೂದಿಯನ್ನು ಪಕ್ಕಕ್ಕೆ ಸರಿಸಿ ತಳವನ್ನು ಪರೀಕ್ಷಿಸಬೇಕು. ಹಳೆಯ ಗ್ರಿಲ್ಲುಗಳು ಸಾಯುವುದು ಬೆಂಕಿಯಿಂದಲ್ಲ, ಬೂದಿಯಿಂದ. ಬೂದಿಯಲ್ಲಿ ಕ್ಷಾರ ಮತ್ತು ಲವಣಗಳಿವೆ. ಅದು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಲ್ಲಿ ನೆನೆದ ಬೂದಿ ಚಳಿಗಾಲವೆಲ್ಲ ಬಟ್ಟಲಿನ ತಳದಲ್ಲೇ ಉಳಿದರೆ, ಗಾಜಿನ ಲೇಪ ಎಲ್ಲಿ ಚೂರೆದ್ದಿದೆಯೋ ಅಲ್ಲಿಂದ ಉಕ್ಕನ್ನು ತಿನ್ನತೊಡಗುತ್ತದೆ. ಆದ್ದರಿಂದ ಕಿಂಡಿಗಳ ಸುತ್ತ ಬೆರಳಿನಿಂದ ಒತ್ತಿ ನೋಡಿ. ಲೋಹ ಬಗ್ಗಿದರೆ, ಪುಡಿಯಾದರೆ, ತೂತು ಕಂಡರೆ ಅದನ್ನು ಬಿಟ್ಟುಬಿಡಿ.

ಎರಡನೆಯದು, ಕಾಲುಗಳು. ಮೂರು ಕಾಲಿನ ವಸ್ತು ಏರುತಗ್ಗಿನ ನೆಲದಲ್ಲೂ ಅಲುಗದೆ ನಿಲ್ಲುತ್ತದೆ. ಆದರೆ ಒಂದು ಕಾಲು ಸಡಿಲವಾದರೆ ಮೂರೂ ವ್ಯರ್ಥ. ಕಾಲು ಕೂರುವ ಕೊಳವೆಗಳು ಬಟ್ಟಲಿಗೆ ಭದ್ರವಾಗಿ ಬೆಸುಗೆಯಾಗಿವೆಯೇ ಎಂದು ನೋಡಬೇಕು. ಬಟ್ಟಲನ್ನು ಎತ್ತಿದಾಗ ಕಾಲು ಕಳಚಿ ಬೀಳುವ ಗ್ರಿಲ್ಲನ್ನು, ಕೆಂಡ ತುಂಬಿ ಮಕ್ಕಳ ನಡುವೆ ನಿಲ್ಲಿಸುವುದು ಎಷ್ಟು ಅಪಾಯ ಎಂಬುದನ್ನು ಹೇಳಬೇಕಾಗಿಲ್ಲ.

ಮೂರನೆಯದು, ಮುಚ್ಚಳ. ಅದು ಬಟ್ಟಲಿನ ಅಂಚಿನ ಮೇಲೆ ಸಮನಾಗಿ ಕೂರಬೇಕು. ಕೆಳಗೆ ಬಿದ್ದು ಅಂಚು ಸೊಟ್ಟಗಾಗಿದ್ದರೆ ಗಾಳಿ ಬೇಡದ ಕಡೆಯಿಂದ ನುಗ್ಗುತ್ತದೆ. ಬೆಂಕಿ ನಿಮ್ಮ ಹಿಡಿತಕ್ಕೆ ಬರುವುದಿಲ್ಲ.

ಜಾಲರಿ, ಹಿಡಿ, ಚಕ್ರ, ಬೂದಿ ತಟ್ಟೆ ಇವು ಹಾಳಾಗಿದ್ದರೆ ಹೆದರಬೇಕಾಗಿಲ್ಲ. ಈ ಗ್ರಿಲ್ಲುಗಳ ಸಾಮಾನ್ಯ ಅಳತೆಗಳು 22 ಇಂಚು ಮತ್ತು 18 ಇಂಚು. ದಶಕಗಳಿಂದ ಅಳತೆ ಹೆಚ್ಚು ಬದಲಾಗದಿರುವುದರಿಂದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ.

4. ಮಸಿ ಬೇರೆ, ತುಕ್ಕು ಬೇರೆ

ಹಳೆಯ ಗ್ರಿಲ್ಲಿನ ಮುಚ್ಚಳವನ್ನು ಎತ್ತಿದವರಿಗೆ ಮೊದಲು ಕಾಣುವುದು ಒಳಭಾಗದಿಂದ ಎದ್ದುಬರುತ್ತಿರುವ ಕಪ್ಪು ಹಕ್ಕಳೆಗಳು. ಬಣ್ಣ ಕಿತ್ತುಬರುತ್ತಿದೆ, ಇನ್ನು ಇದು ಉಪಯೋಗಕ್ಕೆ ಬಾರದು ಎಂದು ಅನೇಕರು ಅದನ್ನು ಎಸೆಯುವುದು ಇಲ್ಲೇ. ಆದರೆ ಒಳ್ಳೆಯ ಗ್ರಿಲ್ಲಿನ ಒಳಗೆ ಬಣ್ಣವೇ ಇಲ್ಲ. ಅಲ್ಲಿರುವುದು ಎನಾಮಲ್. ಎಂದರೆ ಗಾಜಿನ ಪುಡಿಯನ್ನು ಉಕ್ಕಿನ ಮೇಲೆ ಹಚ್ಚಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕರಗಿಸಿ, ಉಕ್ಕಿಗೆ ಅಂಟಿಸಿದ ಲೇಪ. ನಮ್ಮ ಮನೆಗಳಲ್ಲಿದ್ದ ಪಿಂಗಾಣಿ ಲೇಪದ ತಟ್ಟೆ ಲೋಟಗಳೂ ಇದೇ ಜಾತಿಯವು. ಅದು ಹಕ್ಕಳೆಯಾಗಿ ಉದುರುವುದಿಲ್ಲ. ಉದುರುತ್ತಿರುವುದು ವರ್ಷಗಟ್ಟಲೆ ಹೊಗೆ ಮತ್ತು ಜಿಡ್ಡು ಸೇರಿ ಸುಟ್ಟು ಗಟ್ಟಿಯಾದ ಮಸಿ.

ಇಲ್ಲಿ ವಿವೇಚನೆ ಬೇಕು. ಮಸಿ ಹೊರಗಿನಿಂದ ಬಂದು ಅಂಟಿಕೊಂಡದ್ದು. ಅದನ್ನು ತೆಗೆದರೆ ಅಡಿಯಲ್ಲಿ ವಸ್ತು ಇದ್ದ ಹಾಗೆಯೇ ಇರುತ್ತದೆ. ತುಕ್ಕು ಹಾಗಲ್ಲ. ಅದು ಕಬ್ಬಿಣವೇ ನೀರು ಮತ್ತು ಗಾಳಿಯೊಡನೆ ಸೇರಿ ಬೇರೆಯೇ ಆಗಿಬಿಟ್ಟದ್ದು. ಎಷ್ಟು ತುಕ್ಕನ್ನು ಉಜ್ಜಿ ತೆಗೆದಿರೋ ಅಷ್ಟು ಕಬ್ಬಿಣ ಕಳೆದುಹೋಯಿತು. ಮೊದಲನೆಯದು ಕೊಳೆ, ಎರಡನೆಯದು ನಷ್ಟ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ: ಬಟ್ಟೆಗೆ ಕಪ್ಪು ಹತ್ತಿದರೆ ಅದು ಮಸಿ, ಕೆಂಗಂದು ಹತ್ತಿದರೆ ತುಕ್ಕು. ಕೊಳೆಯನ್ನು ನಷ್ಟವೆಂದು ಭಾವಿಸಿ ಒಳ್ಳೆಯದನ್ನು ಎಸೆಯುವುದೂ ತಪ್ಪು. ನಷ್ಟವನ್ನು ಕೊಳೆಯೆಂದು ಭಾವಿಸಿ ಬಣ್ಣ ಬಳಿದು ಮುಚ್ಚುವುದೂ ತಪ್ಪು.

5. ಭಾಗ ಭಾಗವಾಗಿ ದುರಸ್ತಿ

ಬಟ್ಟಲು ಮತ್ತು ಮುಚ್ಚಳ: ಒಣ ಬೂದಿಯನ್ನೆಲ್ಲ ತೆಗೆದ ಮೇಲೆ, ಹಕ್ಕಳೆಗಳನ್ನು ಗಟ್ಟಿಯಾದ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಅಥವಾ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಉಜ್ಜಿರಿ. ಅನಂತರ ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ಬಿಸಿ ನೀರಿನಿಂದ ತೊಳೆದು, ಕೂಡಲೇ ಒರೆಸಿ ಒಣಗಿಸಿ. ಒಳಗಿನ ಕಪ್ಪು ಪೂರ್ತಿ ಹೋಗಬೇಕೆಂಬ ಹಟ ಬೇಡ. ಸಡಿಲವಾದದ್ದು ಹೋದರೆ ಸಾಕು. ಉಕ್ಕಿನ ಉಳಿಯಿಂದ ಬಡಿಯಬಾರದು. ಗಾಜಿನ ಲೇಪ ಚೂರೇಳುತ್ತದೆ. ಬಿಸಿಯಾಗಿರುವಾಗ ತಣ್ಣೀರು ಸುರಿಯಬಾರದು. ಗಾಜು ಮತ್ತು ಉಕ್ಕು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಲೇಪ ಬಿರುಕು ಬಿಡುತ್ತದೆ. ಒಳಗೆ ಬಣ್ಣ ಬಳಿಯಲೇಬಾರದು. ಹೊರಗೆ ಚೂರೆದ್ದ ಜಾಗದ ತುಕ್ಕನ್ನು ಉಜ್ಜಿ, ಒಲೆಗಳಿಗೆಂದೇ ಮಾರುವ ಶಾಖ ತಡೆಯುವ ಬಣ್ಣವನ್ನು ಆ ಚುಕ್ಕೆಗಷ್ಟೇ ಹಚ್ಚಬಹುದು.

ಗಾಳಿಕಿಂಡಿಗಳು: ಅನೇಕ ಗ್ರಿಲ್ಲುಗಳಲ್ಲಿ ತಳದ ಮೂರು ಅಲಗುಗಳನ್ನು ಒಂದೇ ಹಿಡಿಯಿಂದ ತಿರುಗಿಸಬಹುದು, ಅವು ಕಿಂಡಿಯನ್ನು ತೆರೆಯುತ್ತವೆ, ಬೂದಿಯನ್ನೂ ಗುಡಿಸುತ್ತವೆ. ಇನ್ನೂ ಹಳೆಯವುಗಳಲ್ಲಿ ಮೂರು ಕಿಂಡಿಗಳಿಗೂ ಬೇರೆ ಬೇರೆ ಮುಚ್ಚಳಗಳಿರುತ್ತವೆ. ಅವು ಜಿಡ್ಡು, ತುಕ್ಕು ಕಟ್ಟಿ ಕಚ್ಚಿಕೊಂಡಿದ್ದರೆ ಬಲದಿಂದ ತಿರುಗಿಸಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ಕೀಲಿಗೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಸ್ವಲ್ಪ ಸ್ವಲ್ಪವೇ ಅತ್ತಿತ್ತ ಆಡಿಸಿ. ಅಲಗುಗಳು ತುಕ್ಕು ತಿಂದು ಮೋಟಾಗಿದ್ದರೆ ಹೊಸ ಅಲಗುಗಳನ್ನು ಹಾಕಿಸಿ. ಬೆಂಕಿಯ ಲಗಾಮು ಇದೇ ಆದ್ದರಿಂದ ಇಲ್ಲಿ ಹಣ ಉಳಿಸುವುದು ಬೇಡ.

ಬೂದಿ ತಟ್ಟೆ: ಇದು ಸಾಮಾನ್ಯವಾಗಿ ಅಲ್ಯೂಮಿನಿಯಂ. ಒಲೆ ತೊಳೆಯಲೆಂದು ಮಾರುವ ಕಾಸ್ಟಿಕ್ ಸೋಡಾ ಇರುವ ದ್ರಾವಣಗಳನ್ನು ಇದಕ್ಕೆ ತಾಗಿಸಬಾರದು. ಅದು ಅಲ್ಯೂಮಿನಿಯಮ್ಮನ್ನು ಕರಗಿಸಿ ಹೊತ್ತಿಕೊಳ್ಳುವ ಜಲಜನಕ ಅನಿಲವನ್ನು ಹೊರಡಿಸುತ್ತದೆ. ಸಾಬೂನು ನೀರೇ ಸಾಕು.

ಜಾಲರಿಗಳು: ಕೆಳಗಿನದು ಕೆಂಡ ಹೊರುವುದು, ಮೇಲಿನದು ಆಹಾರ ಹೊರುವುದು. ಕೆಂಡದ ಜಾಲರಿ ಬಾಗಿದ್ದರೂ ತುಕ್ಕು ಹಿಡಿದಿದ್ದರೂ, ಗಟ್ಟಿಯಾಗಿದ್ದರೆ ನಡೆಯುತ್ತದೆ. ಆಹಾರದ ಜಾಲರಿಗೆ ಈ ವಿನಾಯಿತಿ ಇಲ್ಲ. ತುಕ್ಕು ಮೇಲುಮೇಲಿನದಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಉಜ್ಜಿ, ತೊಳೆದು, ಒಣಗಿಸಿ, ಅಡುಗೆ ಎಣ್ಣೆ ಸವರಿ. ಮೇಲಿನ ಲೇಪ ಎದ್ದು ಕಂಬಿಗಳು ಗುಳಿಬಿದ್ದಿದ್ದರೆ ಹೊಸದನ್ನು ಕೊಳ್ಳಿ. ಅಗ್ಗವೆಂದು ಸತು ಲೇಪಿಸಿದ ಬೇಲಿ ಜಾಲರಿಯನ್ನು ಕತ್ತರಿಸಿ ಹಾಕಬೇಡಿ. ಸತುವಿನ ಲೇಪ ಬೆಂಕಿಗೂ ಆಹಾರಕ್ಕೂ ಹೇಳಿಸಿದ್ದಲ್ಲ.

ಉಜ್ಜುವಾಗ ಇನ್ನೊಂದು ಎಚ್ಚರ. ತಂತಿ ಬ್ರಷ್ಷಿನ ಎಳೆಯೊಂದು ಮುರಿದು ಜಾಲರಿಗೆ ಅಂಟಿಕೊಂಡರೆ, ಆಹಾರದೊಡನೆ ಗಂಟಲಿಗೋ ಕರುಳಿಗೋ ಇಳಿದು ಚುಚ್ಚಬಹುದು. ರೋಡ್ ಐಲೆಂಡ್ ರಾಜ್ಯದಲ್ಲಿ ಹೀಗೆ ಗಾಯಗೊಂಡು ಚಿಕಿತ್ಸೆ ಪಡೆದ ಆರು ಜನರ ವಿವರವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಪ್ರಕಟಿಸಿತು. ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ಉಜ್ಜಿ, ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಹಿಡಿಗಳು: ಮರದ ಹಿಡಿ ಒಣಗಿ ಬಿಳಿಚಿಕೊಂಡಿದ್ದರೆ ಉಪ್ಪುಕಾಗದದಿಂದ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು. ಸೀಳಿದ್ದರೆ ಬದಲಿಸಿ. ಬಿಸಿ ಮುಚ್ಚಳ ಕೈಜಾರಬಾರದು.

6. ಮೊದಲ ಬೆಂಕಿ

ದುರಸ್ತಿ ಮುಗಿದ ದಿನವೇ ಅತಿಥಿಗಳನ್ನು ಕರೆಯಬೇಡಿ. ಮೊದಲ ಬೆಂಕಿ ಆಹಾರಕ್ಕಲ್ಲ, ಪರೀಕ್ಷೆಗೆ. ಇದ್ದಿಲು ಹೊತ್ತಿಸಿ, ಮುಚ್ಚಳ ಹಾಕಿ, ಕಿಂಡಿಗಳನ್ನು ಪೂರ್ತಿ ತೆರೆದು ಮುಕ್ಕಾಲು ಗಂಟೆ ಉರಿಯಲು ಬಿಡಿ. ಉಳಿದ ಸಾಬೂನು, ಕೀಲಿನ ಎಣ್ಣೆ, ಜಿಡ್ಡು ಎಲ್ಲವೂ ಸುಟ್ಟುಹೋಗುತ್ತವೆ. ಅನಂತರ ಕಿಂಡಿಗಳನ್ನು ಮುಚ್ಚಿ, ಬೆಂಕಿ ಆರುತ್ತದೆಯೇ ಎಂದು ಗಮನಿಸಿ. ಆರಿದರೆ ನಿಮ್ಮ ಕೆಲಸ ಸಾರ್ಥಕ. ಆರದೆ ಉರಿಯುತ್ತಲೇ ಇದ್ದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ತಣಿದ ಮೇಲೆ ಅದನ್ನು ಹುಡುಕಿ.

ಪ್ರತಿ ಬಾರಿಯೂ ಬೂದಿ ಪೂರ್ತಿ ತಣಿದ ಮೇಲೆ ಅದನ್ನು ತೆಗೆದುಹಾಕುವುದೇ ಮುಂದಿನ ಆರೈಕೆಯೆಲ್ಲದರ ಸಾರ. ಬೂದಿಯ ಅಡಿಯಲ್ಲಿ ಕೆಂಡ ಒಂದೆರಡು ದಿನ ಜೀವ ಹಿಡಿದಿರಬಲ್ಲದು. ಆದ್ದರಿಂದ ಅದನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಬೇಕೇ ಹೊರತು ಪ್ಲಾಸ್ಟಿಕ್ ಬುಟ್ಟಿಗಲ್ಲ.

7. ಮನೆಯೊಳಗೆ ಬೇಡವೇ ಬೇಡ

ತಂದೆತಾಯಂದಿರೇ, ಈ ಪಾಠದಲ್ಲಿ ನಿಮ್ಮ ಮಕ್ಕಳಿಗೆ ಒಂದೇ ಮಾತನ್ನು ಹೇಳುವುದಾದರೆ ಇದನ್ನು ಹೇಳಿ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏಳಲಾರದ ನಿದ್ದೆ. ಮಳೆ ಬಂತೆಂದು ಗ್ರಿಲ್ಲನ್ನು ಗ್ಯಾರೇಜಿಗೆ ಎಳೆದುಕೊಂಡವರು, ಚಳಿಯೆಂದು ಗುಡಾರದೊಳಗೆ ಇಟ್ಟುಕೊಂಡವರು, ವಿದ್ಯುತ್ ಹೋದಾಗ ಕೋಣೆ ಬೆಚ್ಚಗಿರಲೆಂದು ಒಳಗೆ ತಂದವರು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಆರುತ್ತಿರುವ ಕೆಂಡವೂ ಅಷ್ಟೇ ಅಪಾಯ. ಗ್ರಿಲ್ಲಿನ ಜಾಗ ಬಯಲು, ಮನೆಯ ಗೋಡೆಯಿಂದ ಕನಿಷ್ಠ ಮೂರು ಮೀಟರ್ ದೂರ.

ಈ ಮಾತು ನಮಗೂ ಅನ್ವಯಿಸುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮ ಹಿರಿಯರಲ್ಲಿತ್ತು. ಹೆಂಚಿನ ಮಾಡಿನ ಸಂದುಗಳಲ್ಲಿ ಅವರ ಮನೆಗಳು ಉಸಿರಾಡುತ್ತಿದ್ದವು. ಇಂದಿನ ಕಾಂಕ್ರೀಟ್ ತಾರಸಿಯ, ಗಾಜಿನ ಕಿಟಕಿ ಬಿಗಿದ ಕೋಣೆ ಹಾಗಲ್ಲ. ಅಜ್ಜಿಯ ಪ್ರೀತಿ ಅದೇ ಇರಬಹುದು, ಕೋಣೆ ಬದಲಾಗಿದೆ. ತಾಯಿಮಗುವಿಗೆ ಬೆಚ್ಚನೆಯ ಬಟ್ಟೆ ಹೊದಿಸಿ, ಕೆಂಡವನ್ನು ಹೊರಗಿಡಿ.

8. ಎರಡು ಕೆಂಡದ ಬೆಂಕಿಗಳು

ಇದ್ದಿಲಿನ ಬೆಂಕಿಯ ಮೇಲೆ ಮೀನು ಸುಟ್ಟ ಒಂದು ಬೆಳಗನ್ನು ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಓದುತ್ತೇವೆ. ತಿಬೇರಿಯಾ ಸರೋವರದ ದಡದಲ್ಲಿ, ರಾತ್ರಿಯೆಲ್ಲ ದುಡಿದು ಬಂದ ಶಿಷ್ಯರಿಗೆ ಯೇಸುಸ್ವಾಮಿ ಊಟ ಸಿದ್ಧಮಾಡಿದ್ದರು. ಅಲ್ಲಿ ಇದ್ದಿಲಿನ ಬೆಂಕಿಗೆ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ. ಇನ್ನೊಂದು ಸಲ ಅದು ಬರುವುದು 18ನೆಯ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ. ಅಲ್ಲಿ ಚಳಿ ಕಾಯಿಸುತ್ತಾ ನಿಂತಿದ್ದ ಪೇತ್ರರು ತಮ್ಮ ಗುರುವನ್ನು ಅರಿಯೆನೆಂದರು. ಒಂದು ಬೆಂಕಿಯ ಬಳಿ ಮೂರು ಸಲ ನಿರಾಕರಣೆ. ಇನ್ನೊಂದರ ಬಳಿ ಮೂರು ಸಲ ಪ್ರೀತಿಯ ಪ್ರಶ್ನೆ. ಅದರ ಕೊನೆಯಲ್ಲಿ ಪೇತ್ರರಿಗೆ ದೊರೆತದ್ದು ಹೊಸ ಹೊಳಪಲ್ಲ, ಅವರ ಕೆಲಸ: ಮಂದೆಯನ್ನು ಮೇಯಿಸುವ ಹೊಣೆ. ಅವರನ್ನು ಬದಿಗಿಟ್ಟು ಬೇರೊಬ್ಬರನ್ನು ಹುಡುಕಲಿಲ್ಲ.

ವಸ್ತುವಿಗೂ ಮನುಷ್ಯನಿಗೂ ಅಂತರ ಬಹಳ. ತಳ ತೂತಾದ ಗ್ರಿಲ್ಲನ್ನು ನಾವು ಗುಜರಿಗೆ ಹಾಕುತ್ತೇವೆ, ಹಾಕಬೇಕು ಕೂಡ. ಮನುಷ್ಯನನ್ನು ಹಾಗೆ ಹಾಕುವಂತಿಲ್ಲ. ಆದರೂ ಮಸಿಯನ್ನು ಕಂಡೊಡನೆ ಕೆಟ್ಟಿತೆಂದು ತೀರ್ಪು ಕೊಡದೆ, ಒರೆಸಿ ನೋಡುವ ತಾಳ್ಮೆಯನ್ನು ಕೈ ಕಲಿತರೆ ಮನಸ್ಸಿಗೂ ಅದು ಸುಲಭವಾಗುತ್ತದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕೆಲಸ ನಿಲ್ಲಿಸಿ ಮೂಲೆ ಸೇರಿರುವ ವಸ್ತು ಯಾವುದು? ಅದರಲ್ಲಿರುವುದು ಕೊಳೆಯೋ, ನಷ್ಟವೋ?

2. ಹಳೆಯದೊಂದನ್ನು ದುರಸ್ತಿ ಮಾಡುವಾಗ ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು?

3. ನಮ್ಮ ಮನೆಯಲ್ಲಿ ಕೆಂಡ ಅಥವಾ ಇದ್ದಿಲನ್ನು ಮುಚ್ಚಿದ ಕೋಣೆಯಲ್ಲಿ ಬಳಸುವ ರೂಢಿ ಇನ್ನೂ ಇದೆಯೇ? ಅದನ್ನು ನಿಲ್ಲಿಸುವ ಮಾತನ್ನು ಹಿರಿಯರಿಗೆ ನೋವಾಗದಂತೆ ಹೇಳುವವರು ಯಾರು?